ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು, ಅಂಡಾಶಯದಲ್ಲಿ ಗಡ್ಡೆ: ಗುರುತು ಹಿಡಿಯೋದರಿಂದ ಆಪರೇಷನ್ ನಂತರದ ಆರೈಕೆವರೆಗೆ

ನಿಮ್ಮನೆ ಹೆಣ್ಣುನಾಯಿಗೆ ಸ್ಪೇ ಆಪರೇಷನ್ (ಗರ್ಭಕೋಶ, ಅಂಡಾಶಯ ತೆಗೆಯೋ ಸಂತಾನಹರಣ ಆಪರೇಷನ್) ಆಗಿಲ್ಲ, ವಯಸ್ಸು ಐದಾರು ದಾಟಿದೆ, ಹೀಟ್ (ಬೆದೆ) ಮುಗಿದು ಒಂದೆರಡು ತಿಂಗಳಾಗಿದೆ, ಈಗ ಇದ್ದಕ್ಕಿದ್ದಂಗೆ ನೀರು ಜಾಸ್ತಿ ಕುಡೀತಿದೆ, ಊಟ ಬಿಟ್ಟು ಮೂಲೆ ಹಿಡಿದಿದೆ ಅಂದ್ರೆ ದಯವಿಟ್ಟು ಇದನ್ನ ಓದ್ತಾ ಕೂರಬೇಡಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ, ದಾರೀಲಿ ಹೋಗ್ತಾ ಓದಿ. ಇದರಲ್ಲಿ ಒಂದು ರಾತ್ರಿ ಅನ್ನೋದು ತುಂಬ ದೊಡ್ಡ ಸಮಯ.

ನಾನು ಇದನ್ನ ಕಲಿತದ್ದು ನಮ್ಮ ಕೆಂಚಿಯಿಂದ. ಒಂಬತ್ತು ವರ್ಷದ ನಾಟಿ ನಾಯಿ, ಮೈಬಣ್ಣ ಹಂಚಿನ ಥರ ಕೆಂಪು. ಆ ವರ್ಷ ಮಾರ್ಚ್‌ನಲ್ಲಿ ಅದು ಬಾವಿಕಟ್ಟೆ ಪಕ್ಕದ ಕಲ್ಲುಮರಿಗೆಗೆ ಬಾಯಿ ಹಾಕಿದ್ರೆ ತೆಗೀತಾನೇ ಇರಲಿಲ್ಲ, ಬಿಸಿಲು ಜೋರು ಅದಕ್ಕೇ ಕುಡೀತಿದೆ ಅಂತ ನಾವಂದ್ಕೊಂಡ್ವಿ. ಆಮೇಲೆ ರಾತ್ರಿ ಜಗಲಿ ಮೇಲೇ ಉಚ್ಚೆ ಹೊಯ್ಯೋಕೆ ಶುರು ಮಾಡ್ತು, ಒಂಬತ್ತು ವರ್ಷದಲ್ಲಿ ಒಂದು ದಿನ ಮಾಡದೇ ಇದ್ದ ಕೆಲಸ, ಅದಕ್ಕೂ ವಯಸ್ಸಾಯ್ತು ಅಂದ್ವಿ. ಪರಿಚಯದವರೊಬ್ಬರು ಬಂದು ನೋಡಿ ಜ್ವರದ ಇಂಜೆಕ್ಷನ್ ಅಂತ ಮೂರು ದಿನ ಚುಚ್ಚಿದ್ರು. ಸ್ವಲ್ಪ ಚೇತರಿಸ್ಕೊಂಡ ಹಾಗೆ ಕಾಣ್ತು, ನಾಲ್ಕನೇ ದಿನ ಎದ್ದು ನಿಲ್ಲೋಕಾಗ್ಲಿಲ್ಲ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದ ತುಂಬ ಕೀವು, ಬಲಗಡೆ ಅಂಡಾಶಯದಲ್ಲಿ ಗಜನಿಂಬೆ ಗಾತ್ರದ ಗಡ್ಡೆ. ಎರಡೂ ಒಟ್ಟಿಗೆ. ಬದುಕ್ತು, ಆದ್ರೆ ಆ ನಾಲ್ಕು ದಿನ ಅದು ಪಟ್ಟ ಕಷ್ಟ ನಾವು ಕೊಡಬೇಕಾಗಿರಲಿಲ್ಲ.

ಕೀವಿಗೂ ಅಂಡಾಶಯಕ್ಕೂ ಏನು ಸಂಬಂಧ

ಇದು ಅರ್ಥ ಆದ್ರೆ ಉಳಿದದ್ದೆಲ್ಲ ತಾನಾಗೇ ಅರ್ಥ ಆಗುತ್ತೆ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಂದು ಸಲ ಹೀಟ್‌ಗೆ ಬರುತ್ತೆ, ಹಳ್ಳಿ ಕಡೆ ಬೆದೆ ಅಂತೀವಲ್ಲ ಅದು. ಮೂರು ವಾರದ ಆಸುಪಾಸು ಇರುತ್ತೆ. ಅದಾದ ಮೇಲೆ ಅಂಡಾಶಯ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಬಿಡೋಕೆ ಶುರು ಮಾಡುತ್ತೆ. ನಾಯಿಗಳಲ್ಲಿ ವಿಶೇಷ ಏನಂದ್ರೆ ಗಬ್ಬ ಆಗಿರಲಿ ಬಿಡಲಿ, ಈ ಹಾರ್ಮೋನ್ ಸುಮಾರು ಎರಡು ತಿಂಗಳು ಇದ್ದೇ ಇರುತ್ತೆ. ಮರಿ ಇಲ್ಲದಿದ್ರೂ ಗರ್ಭಕೋಶ ಮರಿಗೆ ಜಾಗ ರೆಡಿ ಮಾಡ್ತಾ ಇರುತ್ತೆ, ಒಳಗಿನ ಪದರ ದಪ್ಪ ಆಗುತ್ತೆ, ಗ್ರಂಥಿಗಳು ಸೊನೆ ಒಸರುತ್ತವೆ, ಗರ್ಭಕೋಶ ಹಿಂಡಿ ಹೊರಗೆ ಹಾಕೋದನ್ನ ನಿಲ್ಲಿಸುತ್ತೆ, ಬಾಯಿ ಮುಚ್ಕೊಳುತ್ತೆ, ಜೊತೆಗೆ ಅಲ್ಲಿನ ರೋಗನಿರೋಧಕ ಶಕ್ತಿನೂ ತಗ್ಗುತ್ತೆ. ಹೀಟ್ ಟೈಮಲ್ಲಿ ಬಾಯಿ ತೆರೆದಿದ್ದಾಗ ಒಳಗೆ ಹೋದ ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ. ಹೆಚ್ಚಿನ ಕೇಸಲ್ಲಿ ಅದು ಇ. ಕೊಲೈ, ನಾಯಿಯ ಕರುಳಲ್ಲೇ ಇರೋ ಬ್ಯಾಕ್ಟೀರಿಯಾ, ಬೇರೆ ನಾಯಿಯಿಂದ ಅಂಟಿದ್ದಲ್ಲ. ಹೀಗೆ ಗರ್ಭಕೋಶದಲ್ಲಿ ಕೀವು ತುಂಬೋದನ್ನ ಪಯೋಮೆಟ್ರಾ ಅಂತಾರೆ. ಪ್ರತಿ ಹೀಟ್ ಆದಾಗಲೂ ಒಳಪದರ ಇನ್ನಷ್ಟು ಕೆಡ್ತಾ ಹೋಗೋದರಿಂದ ವಯಸ್ಸಾದಷ್ಟೂ ಅಪಾಯ ಜಾಸ್ತಿ. ಸ್ವೀಡನ್‌ನಲ್ಲಿ ನಾಯಿಗಳಿಗೆ ಇನ್ಶೂರೆನ್ಸ್ ಮಾಡ್ಸೋದು ಮಾಮೂಲು, ಅಲ್ಲಿನ ದಾಖಲೆ ಪ್ರಕಾರ ಸ್ಪೇ ಆಗದ ಹೆಣ್ಣುನಾಯಿಗಳಲ್ಲಿ ಹೆಚ್ಚೂಕಮ್ಮಿ ನಾಲ್ಕರಿಂದ ಐದರಲ್ಲಿ ಒಂದಕ್ಕೆ ಹತ್ತು ವರ್ಷದೊಳಗೆ ಈ ಕಾಯಿಲೆ ಬಂದಿರುತ್ತೆ.

ಈಗ ಗಡ್ಡೆ ವಿಷಯ. ಪಯೋಮೆಟ್ರಾಗೆ ಹೋಲಿಸಿದ್ರೆ ಅಂಡಾಶಯದ ಗಡ್ಡೆ ಅಪರೂಪ. ಅದರಲ್ಲಿ ಗ್ರ್ಯಾನ್ಯುಲೋಸಾ ಸೆಲ್ ಟ್ಯೂಮರ್ ಅಂತ ಒಂದು ಜಾತಿ ಇದೆ, ಅದು ಸುಮ್ಮನೆ ಬೆಳೆಯೋದಷ್ಟೇ ಅಲ್ಲ, ತಾನೇ ಹಾರ್ಮೋನ್ ತಯಾರು ಮಾಡಬಲ್ಲದು. ಅದು ಪ್ರೊಜೆಸ್ಟರಾನ್ ಸುರಿಸಿದ್ರೆ ಗರ್ಭಕೋಶಕ್ಕೆ ಎರಡು ತಿಂಗಳಲ್ಲಿ ಮುಗೀಬೇಕಿದ್ದ ಕಾಟ ಮುಗಿಯೋದೇ ಇಲ್ಲ, ಅಲ್ಲಿಂದ ಕೀವು. ಹೀಟ್ ತರೋ ಹಾರ್ಮೋನ್ ಆದ ಈಸ್ಟ್ರೋಜನ್ ಸುರಿಸಿದ್ರೆ ಹೀಟ್ ನಿಲ್ಲೋದೇ ಇಲ್ಲ. ಅಂದ್ರೆ ಕೀವು ನಮ್ಮ ಕಣ್ಣಿಗೆ ಬೀಳುತ್ತೆ, ಅದರ ಬೇರು ಮೇಲೆ ಅಂಡಾಶಯದಲ್ಲಿ ಇರಬಹುದು. ನಾನು ಇಷ್ಟುದ್ದ ಬರೀತಿರೋದೇ ಈ ಒಂದು ಮಾತು ತಲುಪಲಿ ಅಂತ, ಯಾಕಂದ್ರೆ ಎಷ್ಟೋ ಕಡೆ ಕೀವು ತೆಗೆದ್ವಿ ನಾಯಿ ಉಳೀತು ಅಂತ ಖುಷಿಯಾಗಿ ಗರ್ಭಕೋಶದ ಜೊತೆ ಅಂಡಾಶಯನೂ ಕಸದ ಬುಟ್ಟಿಗೆ ಹೋಗುತ್ತೆ, ಅದನ್ನ ಯಾರೂ ತಿರುಗಿಸಿ ನೋಡಿರಲ್ಲ.

ಮೊದಲನೇ ಹೆಜ್ಜೆ: ತಾರೀಕು ಬರೆದಿಡಿ

ಹೀಟ್‌ನ ಮೊದಲ ರಕ್ತದ ಹನಿ ಕಂಡ ದಿನ ಅಡುಗೆಮನೆ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಗ್ಯಾಸ್ ಸಿಲಿಂಡರ್ ಬಂದ ದಿನ ಬರೀತೀವಲ್ಲ, ಅದೇ ಥರ. ಡಾಕ್ಟರ್ ಕೇಳೋ ಮೊದಲ ಪ್ರಶ್ನೆನೇ ಕೊನೇ ಹೀಟ್ ಯಾವಾಗ ಆಯ್ತು ಅಂತ, ನೂರಕ್ಕೆ ತೊಂಬತ್ತು ಜನ ಆಗ ಮುಖ ಮುಖ ನೋಡ್ಕೊಳ್ತಾರೆ. ಹೀಟ್ ಮುಗಿದ ಮೇಲೆ ಎರಡರಿಂದ ಹನ್ನೆರಡು ವಾರ ಕಾವಲಿನ ಕಾಲ. ನಾಲ್ಕರಿಂದ ಎಂಟನೇ ವಾರ ಇನ್ನೂ ಹುಷಾರಾಗಿರಿ.

ಎರಡನೇ ಹೆಜ್ಜೆ: ಆ ಎರಡು ಮೂರು ತಿಂಗಳು ಏನು ನೋಡಬೇಕು

ನೀರು. ಎಲ್ಲಕ್ಕಿಂತ ಮೊದಲು ನೀರು. ಕೀವಿನಲ್ಲಿರೋ ಬ್ಯಾಕ್ಟೀರಿಯಾದ ವಿಷ ಕಿಡ್ನಿ ಮೇಲೆ ಕೆಲಸ ಮಾಡಿ, ಮೂತ್ರ ಗಟ್ಟಿ ಮಾಡೋ ಶಕ್ತಿನೇ ಕಳೆದುಬಿಡುತ್ತೆ, ನೀರೆಲ್ಲ ಉಚ್ಚೆಯಾಗಿ ಹೋಗುತ್ತೆ, ಅದಕ್ಕೆ ನಾಯಿ ಕುಡೀತಾನೇ ಇರುತ್ತೆ. ಅಳತೆ ಮಾಡೋದು ಸುಲಭ. ಬೆಳಿಗ್ಗೆ ಲೀಟರ್ ಬಾಟ್ಲಿಯಿಂದ ಅಳೆದು ಬಟ್ಟಲಿಗೆ ಹಾಕಿ, ಮಧ್ಯೆ ಹಾಕಿದ್ದನ್ನೂ ಬರ್ಕೊಳ್ಳಿ, ಮಾರನೇ ದಿನ ಅದೇ ಹೊತ್ತಿಗೆ ಉಳಿದದ್ದನ್ನ ಕಳೀರಿ. ಒಂದು ಕೆಜಿ ತೂಕಕ್ಕೆ ದಿನಕ್ಕೆ 50–60 ಎಂಎಲ್ ಮಾಮೂಲು, 100 ಎಂಎಲ್ ದಾಟಿದ್ರೆ ಅದು ಕಾಯಿಲೆ ಲಕ್ಷಣ. 20 ಕೆಜಿ ನಾಯಿ ದಿನಕ್ಕೆ ಎರಡು ಲೀಟರ್ ಮೇಲೆ ಕುಡೀತಿದ್ರೆ ಬಿಸಿಲು ಅಂತ ಸಮಾಧಾನ ಮಾಡ್ಕೋಬೇಡಿ. ಅನ್ನ ಮೊಸರು, ಗಂಜಿ ತಿನ್ನೋ ನಾಯಿ ಮೊದಲೇ ಕಮ್ಮಿ ಕುಡಿಯೋದು, ಡ್ರೈ ಫುಡ್ ತಿನ್ನೋದು ಜಾಸ್ತಿ, ಹಾಗಾಗಿ ನಿಮ್ಮ ನಾಯಿ ಚೆನ್ನಾಗಿದ್ದಾಗಲೇ ಒಂದು ಸಲ ಅಳೆದಿಟ್ಕೊಂಡ್ರೆ ಆಮೇಲೆ ಹೋಲಿಸೋಕೆ ಆಗುತ್ತೆ. ಮನೇಲಿ ಎರಡು ಮೂರು ನಾಯಿ ಇದ್ರೆ ಒಂದು ದಿನ ಇದನ್ನ ಬೇರೆ ಕಟ್ಟಲೇಬೇಕು, ಬೇರೆ ದಾರಿ ಇಲ್ಲ.

ಆಮೇಲೆ ಸ್ರಾವ. ಹೀಟ್ ಮುಗಿದು ವಾರಗಳಾದ ಮೇಲೆ ಹಿಂದಿನಿಂದ ಏನು ಬಂದ್ರೂ ಅನುಮಾನ ಪಡಿ, ಹಳದಿ, ಹಸಿರು, ರಕ್ತ ಬೆರೆತ ಕಂದು, ವಾಸನೆ ಇದ್ರಂತೂ ಕೇಳಲೇಬೇಡಿ. ತೊಂದರೆ ಏನಂದ್ರೆ ಶುಚಿಯಾಗಿರೋ ನಾಯಿ ಎಲ್ಲ ನೆಕ್ಕಿಬಿಡುತ್ತೆ, ನಮಗೆ ಒಂದು ಹನಿನೂ ಕಾಣಲ್ಲ. ಅದಕ್ಕೆ ಮಲಗೋ ಜಾಗದಲ್ಲಿ ಹಳೇ ಬಿಳಿ ಪಂಚೆ ಹಾಸಿ, ಬೆಳಿಗ್ಗೆ ಎದ್ದು ಕಲೆ ನೋಡಿ. ಕೆಂಚಿ ದಿನವಿಡೀ ಬಾಲದ ಕೆಳಗೆ ನೆಕ್ತಾ ಇದ್ಲು, ನಾವು ಉಣ್ಣೆ ಇರಬೇಕು ಅಂತ ಪೌಡರ್ ಹಾಕಿದ್ವಿ. ಪಂಚೆ ಹಾಸಿದ್ರೆ ಒಂದೇ ರಾತ್ರಿಗೆ ಗೊತ್ತಾಗೋದು.

ಸ್ರಾವ ಇಲ್ಲ ಅಂದ್ರೆ ಕೀವು ಇಲ್ಲ ಅಂತಲ್ಲ, ಇದನ್ನ ದಯವಿಟ್ಟು ನೆನಪಲ್ಲಿಡಿ. ಗರ್ಭಕೋಶದ ಬಾಯಿ ತೆರೆದಿದ್ರೆ ಓಪನ್ ಪಯೋಮೆಟ್ರಾ, ಕೀವು ಹೊರಗೆ ಬರುತ್ತೆ. ಮುಚ್ಚಿದ್ರೆ ಕ್ಲೋಸ್ಡ್, ಒಂದು ಹನಿನೂ ಬರಲ್ಲ, ಎಲ್ಲ ಒಳಗೇ ತುಂಬಿ ಹೊಟ್ಟೆ ಬಿಗಿಯಾಗುತ್ತೆ, ಗರ್ಭಕೋಶ ಒಡೆದು ಕೀವು ಹೊಟ್ಟೆಯೊಳಗೆ ಚೆಲ್ಲಬಹುದು. ಇದೇ ಹೆಚ್ಚು ಅಪಾಯ, ಇದೇ ಕಣ್ಣಿಗೆ ಕಾಣದೇ ಇರೋದು.

ಜ್ವರ ನೋಡೋಕೆ ಮೆಡಿಕಲ್ ಶಾಪಿನ ಡಿಜಿಟಲ್ ಥರ್ಮಾಮೀಟರ್ ಸಾಕು, ತುದಿಗೆ ವ್ಯಾಸಲಿನ್ ಹಚ್ಚಿ ಗುದದ್ವಾರದಲ್ಲಿ ಒಂದಿಂಚು ಒಳಗೆ ಇಟ್ಟು ಬೀಪ್ ಬರೋವರೆಗೆ ಹಿಡೀರಿ, ಒಬ್ಬರು ತಲೆ ಸವರ್ತಾ ಇರಲಿ. 100.5 ರಿಂದ 102.5 ಫ್ಯಾರನ್‌ಹೀಟ್ ನಾಯಿಗೆ ಮಾಮೂಲು. ಆದ್ರೆ ಈ ಕಾಯಿಲೇಲಿ ಎಷ್ಟೋ ನಾಯಿಗಳಿಗೆ ಜ್ವರನೇ ಇರಲ್ಲ, ಹಾಗಾಗಿ ಟೆಂಪರೇಚರ್ ಸರಿ ಇದೆ ಅಂತ ಮನೇಲಿ ಉಳೀಬೇಡಿ. 99ಕ್ಕಿಂತ ಕೆಳಗೆ ಬಂದಿದ್ರೆ ಅದು ಜ್ವರಕ್ಕಿಂತ ಕೆಟ್ಟದ್ದು. ಒಸಡನ್ನೂ ನೋಡಿ, ತಿಳಿಗುಲಾಬಿ ಇರಬೇಕು, ಬೆರಳಲ್ಲಿ ಒತ್ತಿ ಬಿಟ್ರೆ ಎರಡು ಸೆಕೆಂಡೊಳಗೆ ಬಣ್ಣ ವಾಪಸ್ ಬರಬೇಕು. ಬಿಳಿಚಿದ್ರೆ ಅಥವಾ ಇಟ್ಟಿಗೆ ಕೆಂಪಾಗಿದ್ರೆ ಆಗಲೇ ಗಾಡಿ ಹತ್ತಿಸಿ.

ಮೂರನೇ ಹೆಜ್ಜೆ: ಅಂಡಾಶಯದ ಕಡೆ ಬೆರಳು ತೋರಿಸೋ ಲಕ್ಷಣಗಳು

ಗಡ್ಡೆ ಒಂದೇ ಇದ್ದಾಗ ತುಂಬ ದಿನ ಏನೂ ಗೊತ್ತಾಗಲ್ಲ. ಆದ್ರೂ ಕೆಲವು ಸುಳಿವು ಇವೆ. ಹೀಟ್ ನಾಲ್ಕು ವಾರ ದಾಟಿದ್ರೂ ನಿಲ್ತಿಲ್ಲ, ಯೋನಿ ಊದ್ಕೊಂಡೇ ಇದೆ, ಗಂಡುನಾಯಿಗಳು ಗೇಟ್ ಬಿಟ್ಟು ಹೋಗ್ತಿಲ್ಲ, ಒಂದು ಹೀಟ್ ಮುಗಿದು ಸ್ವಲ್ಪ ದಿನಕ್ಕೇ ಮತ್ತೊಂದು. ಎರಡೂ ಪಕ್ಕೆಗಳಲ್ಲಿ ಕನ್ನಡಿ ಹಿಡಿದ ಹಾಗೆ ಒಂದೇ ಸಮ ಕೂದಲು ಉದುರೋದು, ತುರಿಕೆ ಮಾತ್ರ ಇರಲ್ಲ. ಊಟ ಅಷ್ಟೇ ತಿಂದ್ರೂ ಬೆನ್ನುಮೂಳೆ ಕಾಣ್ತಾ ಇದೆ, ಹೊಟ್ಟೆ ಮಾತ್ರ ದೊಡ್ಡದಾಗ್ತಿದೆ ಅಂದ್ರೆ ಒಳಗೆ ಗಡ್ಡೆನೋ ನೀರೋ ಸೇರ್ತಿರಬಹುದು. ಅಡಿನೋಕಾರ್ಸಿನೋಮ ಅನ್ನೋ ಕ್ಯಾನ್ಸರ್ ಜಾತಿಯ ಗಡ್ಡೆ ಹೊಟ್ಟೆಯೊಳಗೆ ಹರಡಿ ಹೀಗೆ ನೀರು ತುಂಬಿಸೋದುಂಟು. ಟೆರಟೋಮ ಅಂತ ಇನ್ನೊಂದಿದೆ, ಅದು ಚಿಕ್ಕ ವಯಸ್ಸಿನ ನಾಯಿಗೂ ಬರುತ್ತೆ, ಒಳಗೆ ಕೂದಲು ಮೂಳೆ ಹಲ್ಲು ಕೂಡ ಸಿಗಬಹುದು.

ಇನ್ನೊಂದು ಸುಳಿವು ಜನ ಗಮನಿಸೋದೇ ಇಲ್ಲ. ಈಸ್ಟ್ರೋಜನ್ ತುಂಬ ದಿನ ಜಾಸ್ತಿ ಇದ್ರೆ ಮೂಳೆಮಜ್ಜೆ ರಕ್ತ ತಯಾರಿಸೋದನ್ನ ಕಮ್ಮಿ ಮಾಡುತ್ತೆ, ಪ್ಲೇಟ್‌ಲೆಟ್ ಬೀಳುತ್ತೆ. ಒಸಡಲ್ಲಿ, ಹೊಟ್ಟೆಯ ಕೂದಲಿಲ್ಲದ ಚರ್ಮದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಕಂಡ್ರೆ ಡಾಕ್ಟರಿಗೆ ತೋರಿಸಿ ಹೇಳಿ. ನಮ್ಮ ಕಡೆ ಉಣ್ಣೆ ಜ್ವರದಲ್ಲೂ ಪ್ಲೇಟ್‌ಲೆಟ್ ಬೀಳೋದ್ರಿಂದ ಅದಕ್ಕೇ ಟ್ರೀಟ್ಮೆಂಟ್ ಶುರುವಾಗಿ ಇದು ಮರೆತುಹೋಗೋ ಸಾಧ್ಯತೆ ಇದೆ.

ನಾಲ್ಕನೇ ಹೆಜ್ಜೆ: ಮನೇಲಿ ಮಾಡಬಾರದ್ದು

ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಮನುಷ್ಯರ ಯಾವ ನೋವಿನ ಮಾತ್ರೆನೂ ಬೇಡ, ಮೊದಲೇ ಏಟು ತಿಂದ ಕಿಡ್ನಿ ಲಿವರ್‌ಗೆ ಅದು ವಿಷ. ಹೊಟ್ಟೆ ಒತ್ತಿ ಒತ್ತಿ ನೋಡಬೇಡಿ, ಗರ್ಭಕೋಶ ತೆಳುವಾಗಿ ಹಿಗ್ಗಿರುತ್ತೆ. ಉಚ್ಚೆ ಜಾಸ್ತಿ ಅಂತ ನೀರು ಕಟ್ ಮಾಡಬೇಡಿ, ಇದನ್ನ ತುಂಬ ಮನೆಗಳಲ್ಲಿ ನೋಡಿದೀನಿ, ನಾಯಿ ಒಂದೇ ದಿನಕ್ಕೆ ಒಣಗಿ ಕುಸಿಯುತ್ತೆ. ಅರಿಶಿನ ಹಾಲು, ಬೇವಿನ ಕಷಾಯದಿಂದ ಗರ್ಭಕೋಶದ ಕೀವು ಹೋಗಲ್ಲ. ಬರೀ ಆಂಟಿಬಯೋಟಿಕ್‌ನಿಂದಲೂ ಹೋಗಲ್ಲ, ಎರಡು ದಿನ ಚೆನ್ನಾಗಿ ಕಾಣುತ್ತೆ, ಕೀವು ಅಲ್ಲೇ ಇರುತ್ತೆ. ನಮಗೆ ಮೋಸ ಆದದ್ದೇ ಆ ಎರಡು ದಿನದಲ್ಲಿ.

ಹೀಟ್ ಬರದ ಹಾಗೆ ಇಂಜೆಕ್ಷನ್ ಕೊಡ್ತಾರಲ್ಲ, ಅದು ಪ್ರೊಜೆಸ್ಟರಾನ್ ಥರದ್ದೇ ಔಷಧಿ, ಅದರಿಂದ ಪಯೋಮೆಟ್ರಾ ಅಪಾಯ ಏರುತ್ತೆ. ಬೇಡದ ಕ್ರಾಸಿಂಗ್ ಆಯ್ತು ಅಂತ ಕೊಡೋ ಈಸ್ಟ್ರೋಜನ್ ಇಂಜೆಕ್ಷನ್ನೂ ಅಷ್ಟೇ. ಬೀದಿನಾಯಿಗೆ ಪಾಪ ಅಂತ ಇಂಥದ್ದು ಕೊಡಿಸೋರು ಇದ್ದಾರೆ, ಒಳ್ಳೆ ಮನಸ್ಸಿಂದಲೇ ಮಾಡ್ತಾರೆ, ಆದ್ರೆ ಅದಕ್ಕೆ ಸಂತಾನಹರಣ ಆಪರೇಷನ್ ಮಾಡಿಸೋದೇ ಸರಿ. ಹಿಂದೆ ಯಾವಾಗಾದ್ರೂ ಈ ಇಂಜೆಕ್ಷನ್ ಕೊಡಿಸಿದ್ರೆ ಡಾಕ್ಟರ್ ಹತ್ರ ಮುಚ್ಚಿಡಬೇಡಿ.

ಐದನೇ ಹೆಜ್ಜೆ: ಆಸ್ಪತ್ರೇಲಿ

ತಾಲ್ಲೂಕು ಪಶು ಆಸ್ಪತ್ರೆಲಿ ಸ್ಕ್ಯಾನ್ ಮೆಷಿನ್ ಎಲ್ಲ ಕಡೆ ಇರಲ್ಲ, ಹೋಗೋ ಮೊದಲೇ ಫೋನ್ ಮಾಡಿ ಕೇಳಿ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್ ಕಡೆಯವರಿಗೆ ಪಶುವೈದ್ಯಕೀಯ ಕಾಲೇಜು ಹತ್ತಿರ ಇದೆ, ಉಳಿದವರು ಹತ್ತಿರದ ದೊಡ್ಡ ಊರಿನ ಕ್ಲಿನಿಕ್ ನೋಡ್ಕೊಳ್ಳಿ. ಹೋಗುವಾಗ ಆಪರೇಷನ್ ಆದ್ರೂ ಆಗಬಹುದು ಅಂದ್ಕೊಂಡು ಊಟ ಹಾಕಬೇಡಿ, ನೀರು ಮಾತ್ರ ಇರಲಿ.

ಹೇಳಬೇಕಾದ್ದು ಇಷ್ಟು: ಕೊನೇ ಹೀಟ್ ತಾರೀಕು, ನೀರಿನ ಅಳತೆ, ಸ್ರಾವದ ಬಣ್ಣ (ಪಂಚೆಯ ಫೋಟೋ ಇದ್ರೆ ಇನ್ನೂ ಒಳ್ಳೇದು), ಕೊಟ್ಟ ಔಷಧಿಗಳು. ರಕ್ತ ಪರೀಕ್ಷೆ ಮಾಡ್ತಾರೆ, ಬಿಳಿ ರಕ್ತಕಣ ಸಾಮಾನ್ಯವಾಗಿ ತುಂಬ ಏರಿರುತ್ತೆ, ಕಿಡ್ನಿ ಲಿವರ್ ಹೇಗಿದೆ ನೋಡ್ತಾರೆ. ಸ್ಕ್ಯಾನಲ್ಲಿ ಗರ್ಭಕೋಶದ ಎರಡೂ ಕೊಂಬು ನೀರು ತುಂಬಿದ ಸಾಸೇಜ್ ಥರ ಕಪ್ಪಗೆ ಕಾಣುತ್ತೆ. ಇಲ್ಲೇ ನೀವು ಕೇಳಬೇಕು: ಡಾಕ್ಟ್ರೇ, ಎರಡೂ ಓವರಿ ನೋಡ್ತೀರಾ? ಅಂಡಾಶಯ ಇರೋದು ಕಿಡ್ನಿ ಹಿಂದೆ, ಪಕ್ಕೆಲುಬು ಮುಗಿಯೋ ಹತ್ರ, ಗರ್ಭಕೋಶ ನೋಡಿ ಡಯಾಗ್ನೋಸಿಸ್ ಸಿಕ್ಕಿತು ಅಂತ ಸ್ಕ್ಯಾನ್ ಮಾಡೋ ಪ್ರೋಬ್ ಅಲ್ಲಿಗೇ ನಿಲ್ಲೋದು ಸಹಜ, ಕೇಳಿದ್ರೆ ಒಂದೈದು ನಿಮಿಷ ಜಾಸ್ತಿ ನೋಡ್ತಾರೆ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಗಡ್ಡೆ ಕಂಡ್ರೆ ಅದಕ್ಕೆ ಹೊರಗಿಂದ ಸೂಜಿ ಚುಚ್ಚಿ ಸ್ಯಾಂಪಲ್ ತೆಗೆಯೋದು ಸಾಮಾನ್ಯವಾಗಿ ಬೇಡ, ಗಡ್ಡೆ ಕಣಗಳು ಹೊಟ್ಟೆಯೊಳಗೆ ಚೆಲ್ಲೋ ಭಯ ಇದೆ. ಅದರ ಬದಲು ಎದೆಯ ಎಕ್ಸ್‌ರೇ ಮೂರು ಕೋನದಲ್ಲಿ ತೆಗೆಸಿ ಶ್ವಾಸಕೋಶಕ್ಕೆ ಹರಡಿದೆಯಾ ನೋಡ್ಬೇಕು. ನಾಯಿ ಸ್ಥಿತಿ ತುಂಬ ಕೆಟ್ಟಿದ್ರೆ ಮೊದಲು ಕೀವಿನ ಆಪರೇಷನ್, ಉಳಿದದ್ದು ಆಮೇಲೆ.

ಆರನೇ ಹೆಜ್ಜೆ: ಆಪರೇಷನ್ನಾ, ಮಾತ್ರೆನಾ

ಗರ್ಭಕೋಶ, ಎರಡೂ ಅಂಡಾಶಯ ಪೂರ್ತಿ ತೆಗೆಯೋದೇ ಸರಿಯಾದ ಚಿಕಿತ್ಸೆ. ಡ್ರಿಪ್ಸ್, ಆಂಟಿಬಯೋಟಿಕ್ ಕೊಟ್ಟು ಕೆಲವು ಗಂಟೆ ಸುಧಾರಿಸಿ ಆಪರೇಷನ್‌ಗೆ ತಗೋತಾರೆ. ಸುಧಾರಿಸಿ ಅಂದ್ರೆ ಗಂಟೆಗಳು, ವಾರ ಅಲ್ಲ. ಒಂಬತ್ತು ವರ್ಷದ ನಾಯಿ ಅನಸ್ತೇಶಿಯಾ ತಡ್ಕೊಳುತ್ತಾ ಅಂತ ನಾನೂ ಹೆದರಿದ್ದೆ. ಅನಸ್ತೇಶಿಯಾ ಅಪಾಯ ನಿಜ, ಆದ್ರೆ ಕೀವು ಒಳಗೇ ಬಿಡೋದರ ಅಪಾಯ ಅದಕ್ಕಿಂತ ಬಹಳ ದೊಡ್ಡದು, ಬೇಗ ಬಂದ ನಾಯಿಗಳಲ್ಲಿ ಬಹುಪಾಲು ಬದುಕ್ತವೆ.

ಅಗ್ಲೆಪ್ರಿಸ್ಟೋನ್, ಪ್ರೊಸ್ಟಾಗ್ಲಾಂಡಿನ್ ಥರದ ಔಷಧಿಯಿಂದ ಕೀವು ಹೊರಗೆ ಹಾಕಿಸೋ ದಾರಿನೂ ಇದೆ. ಅದು ಚಿಕ್ಕ ವಯಸ್ಸಿನ, ಮರಿ ಬೇಕೇಬೇಕು ಅನ್ನೋ, ಕೀವು ಹೊರಗೆ ಬರ್ತಿರೋ, ಒಟ್ಟಾರೆ ಗಟ್ಟಿಯಾಗಿರೋ ನಾಯಿಗೆ ಮಾತ್ರ. ಮುಂದಿನ ಹೀಟ್‌ಗಳಲ್ಲಿ ಮರುಕಳಿಸೋದು ಸಾಮಾನ್ಯ. ಬಾಯಿ ಮುಚ್ಚಿದ ಗರ್ಭಕೋಶವನ್ನ ಪ್ರೊಸ್ಟಾಗ್ಲಾಂಡಿನ್‌ನಿಂದ ಹಿಂಡಿಸಿದ್ರೆ ಒಡೆಯಬಹುದು. ಅಂಡಾಶಯದಲ್ಲಿ ಹಾರ್ಮೋನ್ ಬಿಡೋ ಗಡ್ಡೆ ಇದ್ರೆ ಈ ದಾರಿ ಪ್ರಶ್ನೆನೇ ಇಲ್ಲ, ಕಾರ್ಖಾನೆ ಮುಚ್ಚದೆ ಮಾಲು ತೆಗೆದು ಏನು ಪ್ರಯೋಜನ.

ಏಳನೇ ಹೆಜ್ಜೆ: ಅಂಡಾಶಯ ಎಸೆಯೋಕೆ ಬಿಡಬೇಡಿ

ಆಪರೇಷನ್ ಥಿಯೇಟರ್‌ಗೆ ಹೋಗೋ ಮೊದಲೇ ಹೇಳಿಡಿ, ಎರಡೂ ಓವರಿ ಬಯಾಪ್ಸಿಗೆ ಕಳಿಸಬೇಕು ಅಂತ. 10% ಫಾರ್ಮಲಿನ್‌ನಲ್ಲಿ (ತುಂಡು ಕೆಡದ ಹಾಗೆ ಇಡೋ ದ್ರಾವಣ), ಅಗಲ ಬಾಯಿಯ ಡಬ್ಬದಲ್ಲಿ, ತುಂಡಿನ ಹತ್ತರಷ್ಟು ದ್ರಾವಣ ಇರಬೇಕು, ಡಬ್ಬದ ಮೇಲೆ ಎಡ ಬಲ ಬರೆದಿರಬೇಕು. ಕೆಂಚಿಯದ್ದನ್ನ ಡಾಕ್ಟರ್ ಟ್ರೇಲಿ ತಂದು ತೋರಿಸಿದ್ರು: ಗರ್ಭಕೋಶ ನನ್ನ ಮಣಿಕಟ್ಟಿನಷ್ಟು ದಪ್ಪ, ಬೂದು ಕೆಂಪು, ಎಡಗಡೆ ಅಂಡಾಶಯ ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು, ಬಲಗಡೆಯದ್ದು ಉಬ್ಬು ತಗ್ಗಾಗಿ ಕೊಯ್ದ ಜಾಗದಲ್ಲಿ ಜೇನುಗೂಡಿನ ಥರ ಗುಳ್ಳೆ ಗುಳ್ಳೆ, ಒಳಗೆ ಹಳದಿ ನೀರು. ರಿಪೋರ್ಟ್ ಗ್ರ್ಯಾನ್ಯುಲೋಸಾ ಸೆಲ್ ಟ್ಯೂಮರ್ ಅಂತ ಬಂತು.

ಈ ಜಾತಿಯದ್ದು ಹೆಚ್ಚಾಗಿ ಇದ್ದಲ್ಲೇ ಇರುತ್ತೆ, ಸುಮಾರು ಐದರಲ್ಲೊಂದು ಹರಡುತ್ತೆ ಅಂತಾರೆ. ಹರಡೋಕೆ ಮೊದಲು ಪೂರ್ತಿ ತೆಗೆದ್ರೆ ಅಲ್ಲಿಗೇ ವಾಸಿ ಆಗಬಹುದು. ಅಡಿನೋಕಾರ್ಸಿನೋಮ ಅಂತ ಬಂದ್ರೆ ಮುಂದೆ ಕೀಮೋ ಬೇಕಾ ಅಂತ ಕ್ಯಾನ್ಸರ್ ನೋಡೋ ಪಶುವೈದ್ಯರನ್ನ ಕೇಳಬೇಕು. ಯಾವುದೇ ಇರಲಿ, ಮೊದಲ ವರ್ಷ ಮೂರ್ನಾಲ್ಕು ತಿಂಗಳಿಗೊಂದು ಸಲ ಹೊಟ್ಟೆ ಸ್ಕ್ಯಾನ್ ಮಾಡ್ಸೋದು ಒಳ್ಳೇದು.

ಎಂಟನೇ ಹೆಜ್ಜೆ: ಮನೆಗೆ ಬಂದ ಮೇಲೆ

ಮೊದಲ ರಾತ್ರಿ ಬೆಚ್ಚಗೆ, ನೆಲದ ಮೇಲೇ ಮಲಗಿಸಿ, ಮಂಚ ಸೋಫಾ ಬೇಡ. ನೀರು ಸ್ವಲ್ಪ ಸ್ವಲ್ಪ, ವಾಂತಿ ಇಲ್ಲದಿದ್ರೆ ಮೆತ್ತಗಿನ ಅನ್ನ ಬೇಯಿಸಿದ ಕೋಳಿ ಒಂದೊಂದು ತುತ್ತು. ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಕೋನ್ ಹಾಕಲೇಬೇಕು, ಪಾಪ ಅಂತ ರಾತ್ರಿ ಬಿಚ್ಚಿದ್ರೆ ಬೆಳಿಗ್ಗೆ ಹೊಲಿಗೆ ಇರಲ್ಲ. ಹೊಲಿಗೆ ಬಿಚ್ಚೋದು 10–14 ದಿನಕ್ಕೆ, ಅಲ್ಲಿವರೆಗೆ ಸ್ನಾನ ಇಲ್ಲ, ಓಟ ಇಲ್ಲ, ಮೆಟ್ಟಿಲು ಇಲ್ಲ, ಉಚ್ಚೆಗೆ ಬೆಲ್ಟ್ ಹಾಕೇ ಕರ್ಕೊಂಡು ಹೋಗಿ. ನೀರಿನ ಅಳತೆ ಇನ್ನೂ ನಿಲ್ಲಿಸಬೇಡಿ, ದಿನದಿಂದ ದಿನಕ್ಕೆ ಇಳೀಬೇಕು, ಇಳೀದೇ ಇದ್ರೆ ಕಿಡ್ನಿ ಟೆಸ್ಟ್ ಮತ್ತೆ ಮಾಡಿಸಿ. ಆಂಟಿಬಯೋಟಿಕ್ ಕೋರ್ಸ್ ಡಾಕ್ಟರ್ ಹೇಳಿದ ದಿನದವರೆಗೆ ಪೂರ್ತಿ. ಒಸಡು ಬಿಳಿಚಿದ್ರೆ, ಹೊಟ್ಟೆ ಊದಿದ್ರೆ, ಗಾಯದಿಂದ ರಕ್ತ ತೊಟ್ಟಿಕ್ಕಿದ್ರೆ, ಪದೇ ಪದೇ ವಾಂತಿ, ಅಥವಾ ಇಡೀ ದಿನ ಉಚ್ಚೆ ಇಲ್ಲ ಅಂದ್ರೆ ಬೆಳಗಾಗೋದನ್ನ ಕಾಯಬೇಡಿ.

ಸ್ಪೇ ಆದ ನಾಯಿ, ಇನ್ನೂ ಆಗದ ನಾಯಿ

ಸ್ಪೇ ಆದ ಮೇಲೂ ಕೆಲವೊಮ್ಮೆ ಅಂಡಾಶಯದ ಚೂರು ಒಳಗೆ ಉಳಿದಿರುತ್ತೆ, ಅದು ಹಾರ್ಮೋನ್ ಬಿಡ್ತಾ ಇದ್ರೆ ಗರ್ಭಕೋಶದ ಉಳಿದ ಮೋಟಿನಲ್ಲಿ ಕೀವಾಗಬಹುದು, ಆ ಚೂರಲ್ಲೇ ಗಡ್ಡೆನೂ ಬರಬಹುದು. ಆಪರೇಷನ್ ಆದ ನಾಯಿ ಹೀಟ್‌ಗೆ ಬಂದ ಹಾಗೆ ಆಡಿದ್ರೆ ನಗ್ಬೇಡಿ, ಹಾರ್ಮೋನ್ ಟೆಸ್ಟ್, ಸ್ಕ್ಯಾನ್ ಮಾಡಿಸಿ.

ಒಂದು ಸಲ ಮರಿ ಹಾಕಿಸಿದ್ರೆ ಏನೂ ಬರಲ್ಲ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕೆಂಚಿ ಎರಡು ಸಲ ಮರಿ ಹಾಕಿದ್ಲು. ಮನೇಲಿ ಇನ್ನೊಂದು ಹೆಣ್ಣುನಾಯಿ ಇದ್ರೆ ಈಗಲೇ ಡಾಕ್ಟರ್ ಹತ್ರ ಮಾತಾಡಿ, ಹೀಟ್ ಮುಗಿದು ಎರಡು ಮೂರು ತಿಂಗಳ ಮೇಲೆ, ಮುಂದಿನ ಹೀಟ್‌ಗೆ ಮೊದಲು ಮಾಡಿಸೋದು ಒಳ್ಳೆ ಸಮಯ. ಮುಧೋಳ, ಲ್ಯಾಬ್, ಜರ್ಮನ್ ಶೆಫರ್ಡ್ ಥರ ದೊಡ್ಡ ಮೈಯ ತಳಿ ಆದ್ರೆ ಮೂಳೆ ಬೆಳವಣಿಗೆ ಮುಗಿದ ಮೇಲೆ ಮಾಡಿಸಿ ಅಂತ ಎಷ್ಟೋ ಡಾಕ್ಟರ್ ಹೇಳ್ತಾರೆ, ಯಾವ ತಿಂಗಳಿಗೆ ಅನ್ನೋದನ್ನ ಅವರನ್ನೇ ಕೇಳಿ ಕ್ಯಾಲೆಂಡರ್ ಮೇಲೆ ಬರ್ಕೊಳ್ಳಿ. ಬೀದೀಲಿ ನೀವು ಅನ್ನ ಹಾಕೋ ನಾಯಿಗಳಿಗೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆ ಆಪರೇಷನ್ ಮಾಡಿಸಬೇಕು, ನಗರಸಭೆ ಪುರಸಭೆಗೆ ಅರ್ಜಿ ಕೊಡಿ, ಒಂದು ಸಲಕ್ಕೆ ಆಗದಿದ್ರೆ ಮತ್ತೆ ಕೊಡಿ, ಹಿಡಿದುಕೊಂಡು ಹೋಗೋ ದಿನ ಜೊತೇಲಿ ನಿಂತು ಆ ನಾಯಿಯ ಕೊನೇ ಹೀಟ್ ಯಾವಾಗ ಆಯ್ತು ಅಂತ ಅವರಿಗೂ ಹೇಳಿ ಕಳಿಸಿ.